ಸಾಕ್ಷಿಗಳನ್ನು ಸುಮ್ನೆ ಅಲೆಸಬೇಡಿ

ಮಾನ್ಯ ಸಂಪಾದಕರೇ,

ತಾಲ್ಲೂಕು ಕೋರ್ಟಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಸಾಕ್ಷಿ ಹೇಳಲು ಬಂದವರು ನಮ್ಮ ಬೆಂಚಿನ ಮೇಲೆಯೇ ಕಾಯುತ್ತಾರೆ. ಮೊನ್ನೆ ಒಬ್ಬ ರೈತರು ಕೊಯ್ಲು ಬಿಟ್ಟು ಬಂದಿದ್ದರು. ವಕೀಲರು ಬಂದಿರಲಿಲ್ಲ, ಮುಂದಿನ ತಾರೀಖು ಸಿಕ್ಕಿತು. ‘ಇನ್ನು ಪೊಲೀಸರ ಯಾವ ಪಂಚನಾಮೆಗೂ ಸಾಕ್ಷಿಯಾಗಿ ಸಹಿ ಹಾಕಲ್ಲ ಕಣ್ರೀ’ ಎಂದು ಬಸ್ ಹತ್ತಿದರು.

ಕ್ರಿಮಿನಲ್ ಕೇಸು ಹೇಗೆ ನಡೆಯಬೇಕೆಂದು ಹೇಳುವ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಸಾಕ್ಷಿ ಹಾಜರಿದ್ದರೆ ವಿಶೇಷ ಕಾರಣವಿಲ್ಲದೆ ವಿಚಾರಣೆ ಮುಂದೂಡಬಾರದು ಎಂದು ಅದರಲ್ಲಿದೆ. ಹಳೆಯ ಕಾಯ್ದೆಯಲ್ಲೂ ಇತ್ತು ಬಿಡಿ!

ತಾರೀಖು ಮುಂದೆ ಹೋದಷ್ಟೂ ಜಾಮೀನು ಸಿಗದ ಬಡವ ಒಳಗೇ ಇರುತ್ತಾನೆ. 2022ರ ರಾಷ್ಟ್ರೀಯ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿ 100ಕ್ಕೆ ಸುಮಾರು 75 ಮಂದಿ ವಿಚಾರಣಾಧೀನರು, ಅಂದರೆ ಕೇಸು ಇನ್ನೂ ತೀರ್ಮಾನವಾಗದವರು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲೇ ಕಳೆದಿದ್ದರೆ, ಅವರ ಬಿಡುಗಡೆಗೆ ಜೈಲು ಸೂಪರಿಂಟೆಂಡೆಂಟ್ ಅವರೇ ಅರ್ಜಿ ಹಾಕಬೇಕು ಎನ್ನುತ್ತದೆ ಇದೇ ಸಂಹಿತೆಯ 479ನೇ ಕಲಂ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೆ, ಒಂದಕ್ಕಿಂತ ಜಾಸ್ತಿ ಕೇಸು ಇರುವವರಿಗೆ ಇದು ಅನ್ವಯಿಸದು. ಉಳಿದವರಿಗಾದರೂ ಸಿಗಬೇಕಲ್ವಾ?

ಪೊಲೀಸರು, ವಕೀಲರು, ನ್ಯಾಯಾಧೀಶರು ತಡವಾದ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ನಾವೇನು ಕಡಿಮೆಯೇ? ಬೀದಿ ಜಗಳವನ್ನು ಮೊಬೈಲಿನಲ್ಲಿ ಹಿಡಿಯುತ್ತೇವೆ, ಸಾಕ್ಷಿಗೆಂದು ಹೆಸರು ಕೇಳಿದರೆ ಜಾಗ ಖಾಲಿ.

ಕೇಸು ನಡೆಯದು ಎಂದು ಗೊತ್ತಿದ್ದರೆ ಹಿಂದಿನ ಸಂಜೆಯೇ ಸಾಕ್ಷಿಗೆ ಫೋನ್ ಮಾಡಿ. ಬಂದವರಿಗೆ ಭತ್ಯೆಯನ್ನು ಅಂದೇ ಕೊಡಿ. ಇಷ್ಟಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

– ಜೆರಾಕ್ಸ್ ಅಂಗಡಿಯವ, ಹಾಸನ ಜಿಲ್ಲೆ