ಟ್ರೇಲರ್ ರಿಪೇರಿ ದುಡ್ಡಿನ ವಿಷಯ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದವರು ಪಾಲಿನಲ್ಲಿ ಬಳಸುವ ಎರಡು ಟ್ರೇಲರ್, ಜಾಕ್, ಟಾರ್ಪಲ್ ರಿಪೇರಿ ಖರ್ಚಿನ ಬಗ್ಗೆ ಇದು. ಒಂದನೇ ತಾರೀಖಿನಿಂದ ಬಿಲ್ ಇಲ್ಲದೆ ದುಡ್ಡು ವಾಪಸ್ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೋದ ತಿಂಗಳು ಒಬ್ಬರು ಸಿಗರೇಟ್ ಪ್ಯಾಕಿನ ಹಿಂದೆ ‘ಸ್ಪ್ರಿಂಗ್ ಮೇನ್ ಪ್ಲೇಟ್ 1, ಕೂಲಿ, ಟೀ’ ಅಂತ ಬರೆದು, ಮೇಲೆ ಗ್ರೀಸ್ ಬೆರಳಿನ ಗುರುತು ಸಮೇತ ಕಳಿಸಿದ್ದರು. ಯಾರು ಅಂತ ಹೇಳಲ್ಲ. ಅದನ್ನು ಆಡಿಟರ್ ಮುಂದೆ ಹೇಗೆ ಇಡಲಿ ಅಣ್ಣ?

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಸರಿ ಹಿಡೀತಿಲ್ಲ ಅನ್ನಿಸಿದರೆ ನಮ್ಮ ಒಪ್ಪಿಗೆಗೆ ಕಾಯಬೇಡಿ, ಗಾಡಿ ಬದಿಗೆ ಹಾಕಿ ಮೊದಲು ರಿಪೇರಿ ಮಾಡಿಸಿ, ಲೆಕ್ಕ ಆಮೇಲೆ. ಬೇರೆ ಕೆಲಸ 3,000 ರೂಪಾಯಿ ದಾಟುವ ಹಾಗಿದ್ದರೆ ಮಾತ್ರ ಶುರು ಮಾಡಿಸೋ ಮೊದಲೇ ಈ ಗ್ರೂಪಿನಲ್ಲಿ ಫೋಟೊ ಹಾಕಿ, ಇಬ್ಬರು ಸರಿ ಅಂದರೆ ಸಾಕು.

ಜಿಎಸ್‌ಟಿ ಬಿಲ್ ಸಂಘದ ಹೆಸರಿಗೇ ಇರಲಿ, ಗಾಡಿ ನಂಬರ್ ಬರೆಸಿ. ಒಂದೇ ದಿನ ಒಬ್ಬರಿಗೆ 10,000 ಮೀರಿ ನಗದು ಕೊಡಬೇಡಿ, ಆದಾಯ ತೆರಿಗೆಯಲ್ಲಿ ಅದು ಖರ್ಚು ಅಂತ ಹಿಡಿಯಲ್ಲ. ಹಳೇ ಸಾಮಾನು ಗೋಣಿಚೀಲದಲ್ಲಿ ವಾಪಸ್ ತನ್ನಿ, ಗುಜರಿಗೆ ಕೊಟ್ಟು ಬರಬೇಡಿ.

ಪಂಕ್ಚರ್ ಖರ್ಚು ಗಾಡಿ ಓಡಿಸಿದವರದ್ದು. ಓವರ್‌ಲೋಡ್ ಹಾಕಿ ಸ್ಪ್ರಿಂಗ್ ಪ್ಲೇಟ್ ಮುರಿದರೂ ಅವರದ್ದೇ, ಇದರಲ್ಲಿ ವಾದ ಬೇಡ.

ಬಾಕಿ ಬಿಲ್ ಇದ್ದವರು ಭಾನುವಾರ ಸಂಜೆಯೊಳಗೆ ಕಳಿಸಿ. ಓದಿದವರು ‘ಸರಿ’ ಅಂತ ಹಾಕಿ, ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ. ಡ್ರೈವರ್‌ಗಳಿಗೂ ಇವತ್ತೇ ಹೇಳಿಬಿಡಿ.