ಮೊದಲು ಕೈ, ಆಮೇಲೆ ಚಿಪ್

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ರೋಬಾಟ್ ವಸ್ತುಗಳನ್ನು ಹಿಡಿಯುವ ವಿದ್ಯೆಯೋ, ಪ್ರೊಸೆಸರಿನ ಒಳರಚನೆಯ ವಿದ್ಯೆಯಾದ ಕಂಪ್ಯೂಟರ್ ಆರ್ಕಿಟೆಕ್ಚರೋ, ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ಎಲ್ಲರೂ ಹೇಳ್ತಿದ್ದಾರೆ, ನೀವೇನು ಹೇಳ್ತೀರಿ ದೊಡ್ಡಮ್ಮಾ ಎಂದು ಕೇಳಿದ್ದೀಯ. ಪ್ರೊಸೆಸರ್ ವಿನ್ಯಾಸದಲ್ಲೇ ಕೂದಲು ಹಣ್ಣಾದವಳು, ಚಿಪ್ಪಿನ ಪಕ್ಷವನ್ನೇ ವಹಿಸುತ್ತಾಳೆ ಅಂದುಕೊಂಡಿರಬೇಕು. ಹಾಗಲ್ಲ ಮಗಳೇ. ಎರಡನ್ನೂ ಬಿಡಬೇಡ. ಆದರೆ ಮೊದಲ ವರ್ಷವೆಲ್ಲ ರೋಬಾಟಿನ ಕೈಯ ಪಕ್ಕದಲ್ಲೇ ಕೂರು. ಎಂಥ ಚಿಪ್ ಬೇಕು ಅನ್ನುವುದನ್ನು ಆ ಕೈ ಹೇಳಬೇಕು, ನಾವು ಮೊದಲೇ ತೀರ್ಮಾನಿಸಿ ಅದರ ಮೇಲೆ ಹೇರಬಾರದು.

ಎರಡು ಬೆರಳಿನ ಗ್ರಿಪ್ಪರ್ ಒಂದು ವಸ್ತುವನ್ನು ಕೈತಪ್ಪಿಸಿಕೊಳ್ಳುವ ಗಳಿಗೆಯನ್ನು ಹೈ-ಸ್ಪೀಡ್ ಕ್ಯಾಮೆರಾದಲ್ಲಿ ತೆಗೆದು ಒಂದೊಂದೇ ಫ್ರೇಮ್ ನೋಡು. ಲೆಕ್ಕದಲ್ಲಿ ಎರಡೂ ಬೆರಳು ಒಟ್ಟಿಗೆ ಮುಟ್ಟುತ್ತವೆ. ನಿಜದಲ್ಲಿ ಯಾವಾಗಲೂ ಒಂದು ಬೆರಳು ಮೊದಲು ತಾಗುತ್ತದೆ. ತಾಗಿದ ಕೂಡಲೇ ಹಗುರವಾದದ್ದು ಪಕ್ಕಕ್ಕೆ ಸರಿಯುತ್ತದೆ, ದುಂಡಗಿನದು ಉರುಳುತ್ತದೆ, ಎತ್ತರದ್ದು ವಾಲುತ್ತದೆ. ಎರಡನೇ ಬೆರಳು ಬಂದು ಮುಚ್ಚುವ ಹೊತ್ತಿಗೆ ನೀನು ಲೆಕ್ಕ ಹಾಕಿದ ಮೇಲ್ಮೈ ಅಲ್ಲಿರುವುದಿಲ್ಲ. ದೂರವನ್ನೂ ಅಳೆಯುವ ಡೆಪ್ತ್ ಕ್ಯಾಮೆರಾ ಕೊಟ್ಟ ಚಿತ್ರವೂ ಆಗಲೇ ಹಳೆಯದು. ಪಾರದರ್ಶಕ ಲೋಟವಾದರೆ ಅದರ ಅರ್ಧ ಭಾಗ ಆ ಚಿತ್ರದಲ್ಲಿ ಮೊದಲೇ ಕಾಣಿಸಿರುವುದಿಲ್ಲ. ಹೀಗೆ ಸೋತ ಹಿಡಿತಗಳನ್ನು ಕೂತು ನೋಡುವಷ್ಟು ತಾಳ್ಮೆ ನಿನಗಿದೆ ಅಂತ ನನಗೆ ಗೊತ್ತು.

ಗಣಿತವನ್ನು ಕಡೆಗಣಿಸಬೇಡ. ಹಿಡಿತದ ಪ್ರಶ್ನೆ ರೋಬಾಟಿಗಿಂತ ಹಳೆಯದು. ಘರ್ಷಣೆಯ ನೆರವಿಲ್ಲದೆ ಒಂದು ಚಪ್ಪಟೆ ಆಕೃತಿಯನ್ನು ಅಲುಗಾಡದಂತೆ ನಿಲ್ಲಿಸಲು ಕನಿಷ್ಠ ನಾಲ್ಕು ಸ್ಪರ್ಶಬಿಂದು ಬೇಕು ಎಂದು ಫ್ರಾನ್ಸ್ ರೂಲೋ 1876ರಲ್ಲೇ ತೋರಿಸಿದ. ಮೂರು ಆಯಾಮದಲ್ಲಿ ಅದು ಏಳಾಗುತ್ತದೆ. ಎರಡೇ ಬೆರಳಿಂದ ನಮ್ಮ ಕೆಲಸ ನಡೆಯುವುದು ಘರ್ಷಣೆಯ ದಯೆಯಿಂದ. ಹಿಡಿತ ಎಷ್ಟು ಗಟ್ಟಿ ಎಂದು ಅಳೆಯಲು ಫೆರಾರಿ ಮತ್ತು ಕ್ಯಾನಿ 1992ರಲ್ಲಿ ಒಂದು ಅಳತೆ ಕೊಟ್ಟರು: ಯಾವ ದಿಕ್ಕಿನಿಂದ ಎಳೆದರೂ ಹಿಡಿತ ತಡೆಯಬಲ್ಲ ಬಲದ ಕನಿಷ್ಠ ಮಿತಿ ಎಷ್ಟು ಅನ್ನುವುದು ಅದರ ತಿರುಳು. ನ್ಯೂರಲ್ ನೆಟ್‌ವರ್ಕ್ ಬಂದಮೇಲೆ ಇದೆಲ್ಲ ಯಾಕೆ ಅನ್ನುವವರು ಸಿಗುತ್ತಾರೆ. ಬರ್ಕ್ಲಿಯವರು 2017ರಲ್ಲಿ ಡೆಕ್ಸ್-ನೆಟ್ 2.0 ಎಂಬ, ಹಿಡಿತ ಆರಿಸುವ ನ್ಯೂರಲ್ ನೆಟ್‌ವರ್ಕ್ ಯೋಜನೆಗಾಗಿ, ವಸ್ತುವಿನ ಆಕಾರವನ್ನು ಬಿಂದುಗಳಲ್ಲಿ ಹೇಳುವ 67 ಲಕ್ಷ ಕೃತಕ ಪಾಯಿಂಟ್ ಕ್ಲೌಡ್‌ಗಳನ್ನು ತಯಾರಿಸಿದಾಗ, ಯಾವ ಹಿಡಿತ ಒಳ್ಳೆಯದು ಎಂಬ ಗುರುತನ್ನು ಹಾಕಿದ್ದು ಇದೇ ಜಾತಿಯ ಯಂತ್ರಶಾಸ್ತ್ರದ ಲೆಕ್ಕ. ಆ ಗಣಿತವನ್ನು ಕಾಗದದ ಮೇಲೆ ಬಿಡಿಸಿ ಕಲಿ, ಲೈಬ್ರರಿ ಕರೆದು ಸುಮ್ಮನಾಗಬೇಡ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಬೆರಳಲ್ಲಿ ಹಿಡಿದದ್ದು ಜಾರಿದಾಗ ಮನುಷ್ಯನ ಕೈ ಸುಮಾರು 75 ಮಿಲಿಸೆಕೆಂಡಿನಲ್ಲಿ ತಾನಾಗಿ ಬಿಗಿಯಾಗುತ್ತದೆ. ಯೊಹಾನ್ಸನ್ ಮತ್ತು ವೆಸ್ಟ್ಲಿಂಗ್ 1984ರಲ್ಲಿ ಇದನ್ನು ಅಳೆದರು. ನೀನೊಂದು ಲೆಕ್ಕ ಮಾಡು. ಪೂರ್ತಿ ಕಳಚಿಕೊಂಡ ವಸ್ತು 75 ಮಿಲಿಸೆಕೆಂಡಿನಲ್ಲಿ 2.8 ಸೆಂಟಿಮೀಟರ್ ಬೀಳುತ್ತದೆ. ಸೆಕೆಂಡಿಗೆ 30 ಚಿತ್ರ ಕೊಡುವ ಕ್ಯಾಮೆರಾದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 5 ಮಿಲಿಮೀಟರಿಗಿಂತ ತುಸು ಹೆಚ್ಚು. 10 ಮಿಲಿಸೆಕೆಂಡಿನಲ್ಲಿ ಅರ್ಧ ಮಿಲಿಮೀಟರ್ ಮಾತ್ರ. ಬೆರಳ ತುದಿಯ ಪ್ಯಾಡ್ ಎಷ್ಟು ಅಗಲ ಅನ್ನುವುದು ನಿನಗೆ ಗೊತ್ತಿದ್ದರೆ, ಎಷ್ಟು ಹೊತ್ತಿನೊಳಗೆ ಉತ್ತರ ಬರಬೇಕು ಅನ್ನುವುದೂ ಗೊತ್ತಾಯಿತು. ಆರ್ಕಿಟೆಕ್ಟ್‌ಗೆ ಬೇಕಾದ ಗಡುವು ಇದು. ಒಂದೇ ಬಗೆಯ ಲೆಕ್ಕವನ್ನು ಬೇಗ ಮಾಡಲೆಂದೇ ಕಟ್ಟಿದ ಚಿಪ್‌ಗಳ, ಅಂದರೆ ವೇಗವರ್ಧಕಗಳ, ಎಷ್ಟೋ ಪ್ರಬಂಧಗಳಲ್ಲಿ ‘ಇಷ್ಟು ಪಟ್ಟು ವೇಗ’ ಅಂತ ಇರುತ್ತದೆ, ಆ ವೇಗ ಯಾರಿಗೆ ಬೇಕಿತ್ತು ಅನ್ನುವುದು ಇರುವುದಿಲ್ಲ. ನಿನ್ನ ಪ್ರಬಂಧ ಹಾಗಾಗಕೂಡದು.

ಸರಾಸರಿ ಹೊತ್ತನ್ನು ನಂಬಬೇಡ. ನೂರರಲ್ಲಿ ತೊಂಬತ್ತೊಂಬತ್ತು ಸಲ 2 ಮಿಲಿಸೆಕೆಂಡಿನಲ್ಲಿ ಮುಗಿದು, ಒಂದು ಸಲ ಆಪರೇಟಿಂಗ್ ಸಿಸ್ಟಮ್ಮಿನ ಅಡ್ಡಿ ಬಂದು 60 ಹಿಡಿದರೆ, ವಸ್ತು ಬೀಳುವುದು ಆ ಒಂದು ಸಲವೇ. ಶಕ್ತಿಯ ಲೆಕ್ಕವನ್ನೂ ಬಾಯಿಪಾಠ ಮಾಡಿಕೋ: ಮಾರ್ಕ್ ಹೊರೊವಿಟ್ಸ್ 2014ರಲ್ಲಿ ಕೊಟ್ಟ ಅಂಕಿಗಳಲ್ಲಿ, 45 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ 32 ಬಿಟ್ಟಿನ ಫ್ಲೋಟಿಂಗ್ ಪಾಯಿಂಟ್ ಕೂಡಿಕೆಗೆ 0.9 ಪಿಕೋಜೂಲ್, ಅಷ್ಟೇ ಅಗಲದ ಒಂದು ಸಂಖ್ಯೆಯನ್ನು ಮುಖ್ಯ ಮೆಮೊರಿಯಾದ ಡಿರ‍್ಯಾಮ್‌ನಿಂದ ತರಲು ಅದರ ನೂರಾರು ಪಟ್ಟು. ಲೆಕ್ಕ ಅಗ್ಗ, ಸಾಗಣೆ ದುಬಾರಿ. ಪಾಯಿಂಟ್ ಕ್ಲೌಡನ್ನು ಮೆಮೊರಿಗೂ ಪ್ರೊಸೆಸರಿಗೂ ನಡುವೆ ಎಷ್ಟು ಸಲ ಓಡಾಡಿಸುತ್ತಿದ್ದೀಯ ಅಂತ ಒಮ್ಮೆ ಎಣಿಸಿ ನೋಡು.

ನೀನು ಬರೆದಿದ್ದ ಡ್ಯೂಕ್ ವಿಶ್ವವಿದ್ಯಾಲಯದ ಕೆಲಸ ನನಗೂ ತುಂಬ ಇಷ್ಟ. 2016ರದು. ರೋಬಾಟ್ ವಿಜ್ಞಾನಿ ಜಾರ್ಜ್ ಕೊನಿಡಾರಿಸ್, ಆರ್ಕಿಟೆಕ್ಚರಿನ ಡೇನಿಯಲ್ ಸೊರಿನ್ ಮತ್ತು ಅವರ ತಂಡ ತೋಳಿನ ಚಲನೆಗಳ ಒಂದು ಜಾಲವನ್ನು ಮೊದಲೇ ಹೆಣೆದಿಟ್ಟರು. ಪ್ರತಿ ಚಲನೆಯಲ್ಲಿ ತೋಳು ಎಷ್ಟು ಜಾಗ ಬಳಸುತ್ತದೆ ಅನ್ನುವುದನ್ನು, ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಚಿಪ್ ಆದ ಎಫ್‌ಪಿಜಿಎಯಲ್ಲಿ ಒಂದೊಂದು ಪುಟ್ಟ ಸರ್ಕ್ಯೂಟ್ ಮಾಡಿದರು. ಅಡ್ಡಿಯ ಬಿಂದು ಬಂದರೆ ಎಲ್ಲ ಸರ್ಕ್ಯೂಟುಗಳೂ ಏಕಕಾಲಕ್ಕೆ ‘ನನಗೆ ತಾಗುತ್ತದೆ’, ‘ತಾಗುವುದಿಲ್ಲ’ ಎಂದು ಹೇಳುತ್ತವೆ. ಇಡೀ ಯೋಜನೆ ಒಂದು ಮಿಲಿಸೆಕೆಂಡಿನೊಳಗೆ ಸಿದ್ಧ. ಚಲನೆಯ ಯೋಜನೆಯಲ್ಲಿ ಹೊತ್ತೆಲ್ಲ ಹೋಗುವುದು ಡಿಕ್ಕಿ ಪರೀಕ್ಷೆಗೆ ಎಂದು ಅಳೆದು ಗೊತ್ತುಮಾಡಿಕೊಂಡೇ ಅವರು ಅದಕ್ಕೆ ಕೈಹಾಕಿದ್ದು.

ಆದರೆ ಇದರ ಪಕ್ಕದಲ್ಲೇ ಇನ್ನೊಂದು ಕೆಲಸವನ್ನು ಇಟ್ಟು ಓದು. ಆ ಜಾಲದ ಕಲ್ಪನೆಯನ್ನು 1996ರಲ್ಲಿ ಕೊಟ್ಟವರಲ್ಲಿ ಒಬ್ಬಳಾದ ಲಿಡಿಯಾ ಕವ್ರಾಕಿ ರೈಸ್ ವಿಶ್ವವಿದ್ಯಾಲಯದಲ್ಲಿ ತನ್ನ ತಂಡದ ಜೊತೆ 2023ರಲ್ಲಿ ಡಿಕ್ಕಿ ಪರೀಕ್ಷೆಯನ್ನು ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಮೇಲೆ ಕೆಲಸ ಮಾಡುವ, ಸಾಮಾನ್ಯ ಪ್ರೊಸೆಸರಿನ ವೆಕ್ಟರ್ ಆದೇಶಗಳಿಗೆ ಹೊಂದುವಂತೆ ಮತ್ತೆ ಬರೆದಳು. ಏಳು ಕೀಲಿನ ತೋಳಿಗೆ ಹತ್ತಾರು ಮೈಕ್ರೋಸೆಕೆಂಡಿನಲ್ಲಿ ಯೋಜನೆ ಬಂತು, ಹೊಸ ಹಾರ್ಡ್‌ವೇರ್ ಇಲ್ಲದೆ. ಚಿಪ್ಪಿನವಳಾದ ನನಗೆ ಇದು ಬಹಳ ಸಂತೋಷ ಕೊಟ್ಟ ಸುದ್ದಿ, ಯಾಕೆಂದರೆ ಯಂತ್ರವನ್ನು ಅರಿತು ಬರೆದ ಕೋಡ್ ಅದು. ನಿನ್ನ ವೇಗವರ್ಧಕವನ್ನು ಯಾವುದಕ್ಕೆ ಹೋಲಿಸಬೇಕು ಅಂತ ಕೇಳಿದ್ದೀಯಲ್ಲ, ಇಂಥದ್ದಕ್ಕೆ ಹೋಲಿಸು. ಒಂದೊಂದೇ ಲೆಕ್ಕ ಮಾಡುತ್ತ ಓಡುವ ಹಳೇ ಕೋಡಿನ ಎದುರು ಗೆದ್ದರೆ ಅದು ಗೆಲುವಲ್ಲ.

ಅಮ್ಡಾಲ್‌ನ ನಿಯಮ ನಿನಗೆ ಗೊತ್ತಿದೆ, ಉದ್ದ ಮಾಡುವುದಿಲ್ಲ: ಒಂದು ಭಾಗವನ್ನು ಎಷ್ಟೇ ಬೇಗ ಮಾಡಿದರೂ ಒಟ್ಟು ಹೊತ್ತಿನಲ್ಲಿ ಅದರ ಪಾಲಿಗಿಂತ ಹೆಚ್ಚು ಉಳಿತಾಯವಾಗದು. ಒಂದು ವಸ್ತು ಎತ್ತಿ ಇಡಲು 5 ಸೆಕೆಂಡು, ಅದರಲ್ಲಿ ಯೋಜನೆ ಅರ್ಧ ಸೆಕೆಂಡು ಎಂದಾದರೆ ಅದನ್ನು ಸೊನ್ನೆಗೆ ಇಳಿಸಿದರೂ ಉಳಿತಾಯವಾಗುವುದು ಹತ್ತನೇ ಒಂದು ಪಾಲು. ಹಾಗಾದರೆ ಈ ವೇಗವೆಲ್ಲ ಯಾಕೆ? ಕೇಳಬಹುದಾದ ಪ್ರಶ್ನೆಯೇ ಬದಲಾಗುತ್ತದೆ ಅನ್ನುವುದಕ್ಕೆ. ಯೋಜನೆ ಅರ್ಧ ಸೆಕೆಂಡು ಹಿಡಿದರೆ ಅತಿ ಒಳ್ಳೆಯ ಹಿಡಿತ ಒಂದನ್ನು ಆರಿಸಿ, ತೋಳು ಅಲ್ಲಿಗೆ ತಲುಪಲಿ ಎಂದು ಹಾರೈಸುತ್ತೇವೆ. ಮೈಕ್ರೋಸೆಕೆಂಡುಗಳಿಗೆ ಇಳಿದರೆ ನೂರು ಹಿಡಿತಗಳನ್ನೂ ಅವುಗಳ ದಾರಿಯನ್ನೂ ಒಟ್ಟಿಗೆ ತೂಗಬಹುದು, ಮೊದಲ ಬೆರಳು ತಾಗಿ ವಸ್ತು ಸರಿದ ಮೇಲೂ ಮತ್ತೆ ತೂಗಬಹುದು. ಹಿಡಿತದವರೂ ಆರ್ಕಿಟೆಕ್ಚರಿನವರೂ ಬೇರೆ ಬೇರೆ ಕೋಣೆಯಲ್ಲಿ ಕೂತರೆ ಇದು ಇಬ್ಬರಿಗೂ ಕಾಣುವುದಿಲ್ಲ. ನಿನಗೆ ಕಾಣುತ್ತದೆ, ಅದಕ್ಕೇ ಎರಡನ್ನೂ ಬಿಡಬೇಡ ಅಂದದ್ದು.

ನನ್ನನ್ನು ಇನ್ನೂ ಕಾಡುವ ಒಂದು ಪ್ರಶ್ನೆಯನ್ನು ನಿನಗೆ ಕೊಡುತ್ತೇನೆ. ವಸ್ತುವನ್ನು ಎತ್ತಿದ ಮರುಗಳಿಗೆ ಅದು ರೋಬಾಟಿನ ಮೈಯ ಭಾಗ. ಉದ್ದನೆಯ ಕೋಲು ಹಿಡಿದರೆ ತೋಳು ಅಷ್ಟು ಉದ್ದವಾಯಿತು. ಬರಿಗೈಯ ಆಕಾರಕ್ಕೆ ಮೊದಲೇ ಕಟ್ಟಿಟ್ಟ ಸರ್ಕ್ಯೂಟಿಗೆ ಇದು ಗೊತ್ತಿಲ್ಲ. ಆ ವಸ್ತುವಿನ ಆಕಾರವೋ ಕ್ಯಾಮೆರಾಗೆ ಅರ್ಧ ಮಾತ್ರ ಕಂಡದ್ದು, ಬೆರಳ ನಡುವೆ ಅದು ತುಸು ತಿರುಗಿರಲೂಬಹುದು. ಪ್ರತಿ ಹಿಡಿತದ ನಂತರ, ಆ ಅನಿಶ್ಚಯವನ್ನೂ ಸೇರಿಸಿ, ಮೈಯ ಆಕಾರವನ್ನು ಕೆಲವೇ ಮಿಲಿಸೆಕೆಂಡಿನಲ್ಲಿ ಹೊಸದಾಗಿ ಬರೆದುಕೊಳ್ಳುವ ಯಂತ್ರ ಹೇಗಿರಬೇಕು? ಅದಕ್ಕೆ ಚಿಪ್ಪೇ ಬೇಕಾಗದೆಯೂ ಇರಬಹುದು. ಹಾಗಾದರೆ ಹಾಗೆಂದೇ ಬರೆ, ಧೈರ್ಯವಾಗಿ.

ಸೋತ ಹಿಡಿತಗಳ ದತ್ತಾಂಶವನ್ನು ಅಳಿಸಬೇಡ. ಚೆನ್ನಾಗಿ ಸಿಗುವ ವಸ್ತುಗಳನ್ನಷ್ಟೇ ಆರಿಸಿ ಯಶಸ್ಸಿನ ಶೇಕಡಾವಾರು ಏರಿಸಬೇಡ. ಯಾರಾದರೂ ಒತ್ತಾಯಿಸಿದರೂ ಬೇಡ.

ಮುಂದಿನ ಕಾಗದದಲ್ಲಿ, ಕ್ಯಾಮೆರಾದಿಂದ ಬೆರಳು ಮುಚ್ಚುವವರೆಗೆ ಯಾವ ಹಂತಕ್ಕೆ ಎಷ್ಟು ಹೊತ್ತು ಹೋಗುತ್ತಿದೆ ಅನ್ನುವ ಪಟ್ಟಿ ಕಳಿಸು. ಪ್ರತಿ ಹಂತದ ಅತಿ ಕೆಟ್ಟ ಹೊತ್ತೂ ಅದರಲ್ಲಿರಲಿ. ಕೂತು ಓದಿ ಉತ್ತರ ಬರೆಯುತ್ತೇನೆ.

ನಿನ್ನ
ದೊಡ್ಡಮ್ಮ