ನಿನ್ನ ಪತ್ರದ ಆ ಒಂದು ಸಾಲು

ಬೆಟಗೇರಿ, ಗದಗ

ಚಿ. ಸೌ. ಸುಮಾಳಿಗೆ ದೊಡ್ಡವ್ವನ ಆಶೀರ್ವಾದಗಳು.

‘ನಾನು ಸ್ವಚ್ಛವಾಗಿ ಇರಲಿಲ್ಲವೆಂದೇ ಯೋನಿಯ ಈ ಸೋಂಕು ಆಯಿತೇ ದೊಡ್ಡವ್ವ? ದಿನ ತುಂಬುವ ಮೊದಲೇ ಕೂಸು ಬಂದುಬಿಟ್ಟರೆ?’ ಎಂದು ಕೇಳಿದ್ದೀಯಲ್ಲ, ಅದನ್ನು ಓದಿದ ಮೇಲೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

1984ರಲ್ಲಿ ನಾನೂ ಇದನ್ನೇ ಕೇಳಿಕೊಂಡಿದ್ದೆ. ಏಳನೆಯ ತಿಂಗಳಿಗೆ ನೀರು ಹೋಗಿ ಹುಟ್ಟಿದ ಕೂಸು ಮೂರು ದಿನ ಉಸಿರಾಡಿತು. ಅದಕ್ಕೆ ಮೊದಲು ಬಿಳಿಸೆರಗು ಹೋಗುತ್ತಿತ್ತು, ಮೀನಿನಂಥ ನಾತ. ಯಾರಿಗೂ ಹೇಳಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು, ಹಂಡೆಯ ಬಿಸಿನೀರಿಗೆ ಗಾಯ ತೊಳೆಯುವ ಔಷಧಿ ಬೆರೆಸಿ ದಿನಕ್ಕೆ ಎರಡು ಸಲ ಒಳಗೂ ತೊಳೆದೆ.

ಆಗ ನಾನು ಜೀವಶಾಸ್ತ್ರ ಕಲಿಸುತ್ತಿದ್ದವಳು. ಮೊಸರಿನ ಹನಿಯೊಂದನ್ನು ಗಾಜಿನ ಪಟ್ಟಿಗೆ ಸವರಿ, ಕಡ್ಡಿಯಂಥ ಬ್ಯಾಕ್ಟೀರಿಯಾಗಳಾದ ಲ್ಯಾಕ್ಟೊಬ್ಯಾಸಿಲಸ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ತೋರಿಸುತ್ತಿದ್ದೆ. ಅವುಗಳ ಬಳಗವೇ ನಮ್ಮ ಯೋನಿಯಲ್ಲೂ ಇದ್ದು, ಹುಳಿ ಹುಟ್ಟಿಸಿ ಕೇಡಿನ ಜೀವಿಗಳನ್ನು ತಡೆಯುತ್ತದೆಂದು ಜರ್ಮನಿಯ ವೈದ್ಯ ಡೋಡರ್ಲೈನ್ 1892ರಲ್ಲೇ ಬರೆದಿದ್ದರು. 92 ವರ್ಷ ಕಳೆದರೂ ಆ ಮಾತು ನನ್ನ ಬಚ್ಚಲನ್ನು ಮುಟ್ಟಲಿಲ್ಲ. ಕಾವಲಿಗಿದ್ದವರನ್ನೇ ನಾನು ತೊಳೆದು ಹಾಕುತ್ತಿದ್ದೆ. ಕೂಸು ಅದರಿಂದಲೇ ಹೋಯಿತೋ ಏನೋ, ಈಗ ಯಾರು ಹೇಳಬೇಕು?

ನಿನಗೆ ಆದದ್ದು ಕೊಳೆಯಿಂದಲ್ಲ, ತಂಗಿ. ಆ ಕಾವಲಿನ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ಗಾರ್ಡ್ನೆರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚಿದಾಗ ಒಳಗಿನ ಹುಳಿ ಇಳಿಯುತ್ತದೆ, ಅಷ್ಟೇ. ಎಷ್ಟೋ ಹೆಂಗಸರಿಗೆ ಅದು ಗೊತ್ತೇ ಆಗುವುದಿಲ್ಲ. ಹೀಗಾದವರಲ್ಲಿ 37 ವಾರಕ್ಕೆ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು ಎಂಬುದು ನಿಜ. ಸುಳ್ಳು ಹೇಳಿ ನಿನ್ನನ್ನು ಸಮಾಧಾನಪಡಿಸಲಾರೆ. ಆದರೆ ಅವರಲ್ಲೂ ಬಹಳ ಜನ ದಿನ ತುಂಬಿಯೇ ಹೆರುತ್ತಾರೆ.

ಕೊಳೆ ಎಂಬ ಮಾತು ನಿನ್ನ ತಲೆಗೆ ಎಲ್ಲಿಂದ ಬಂತೆಂದು ರಾತ್ರಿಯೆಲ್ಲ ಯೋಚಿಸಿದೆ. ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಅವ್ವನನ್ನು ಕೂರಿಸಿಕೊಂಡು, ‘ನನ್ನಂತೆ ಆಗಬಾರದು, ಒಳಗೆಲ್ಲ ಚೆನ್ನಾಗಿ ತೊಳೆದುಕೋ’ ಎಂದು ಹೇಳಿಕೊಟ್ಟವಳು ನಾನೇ. ಅವಳು ಅದನ್ನೇ ನಿನಗೆ ಕಲಿಸಿದ್ದಾಳೆ.

ಡಾಕ್ಟರು ಕೊಟ್ಟ ಗುಳಿಗೆಗಳನ್ನು ನಡುವೆ ಬಿಡಬೇಡ. ಹೊರಗೆ ಬರೀ ನೀರು ಸಾಕು, ಒಳಗೆ ಏನನ್ನೂ ಹಾಕಬೇಡ. ಇಷ್ಟು ಹೇಳುವುದಕ್ಕೂ ನನಗೆ ಸಂಕೋಚ. ನನ್ನ ಬುದ್ಧಿಮಾತು ಒಮ್ಮೆ ಕೆಟ್ಟಿದೆ. ಮೊಸರು ಉಣ್ಣು, ಹೊಟ್ಟೆಗೆ ತಂಪು, ಆದರೆ ಅದೇ ಔಷಧವೆಂದು ಯಾರು ಹೇಳಿದರೂ ನಂಬಬೇಡ. ಇನ್ನೊಂದು: ನೀರು ಹೋದಂತೆ ಅನ್ನಿಸಿದರೆ, ರಕ್ತ ಕಂಡರೆ, ನಡುರಾತ್ರಿಯಾದರೂ ಗಂಡನನ್ನು ಎಬ್ಬಿಸು. ಬೆಳಗಾಗಲಿ ಎಂದು ನಾನು ಕಾದಿದ್ದೆ.

ನಿನ್ನ ಅವ್ವನಿಗೆ ಇವತ್ತು ಸಂಜೆ ಫೋನ್ ಮಾಡುತ್ತೇನೆ. ಅಂದು ಹೇಳಿದ್ದು ತಪ್ಪಾಗಿತ್ತೆಂದು ಅವಳಿಗೂ ನಾನೇ ಹೇಳಬೇಕು.

ನಿನ್ನ ದೊಡ್ಡವ್ವ